ಫೈಲ್ ಓದಿದ್ದೇನೆ ಅಂತ ಮೊದಲು ಮನೆಯವರಿಗೆ ಹೇಳಿ

ಪ್ರಶ್ನೆ: ನನಗೆ 54 ವರ್ಷ. ಸಾಗರದ ಹತ್ತಿರ ಹಳ್ಳಿ, ಸ್ವಲ್ಪ ಅಡಿಕೆ ತೋಟ ಇದೆ. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್, ಕೀಮೋ ಎಲ್ಲ ಮುಗಿದಿತ್ತು. ಹೋದ ವರ್ಷ ಸೊಂಟ ನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಿ ಕರೆಂಟ್ (ರೇಡಿಯೇಷನ್) ಕೊಟ್ಟರು, ಈಗ ನೋವು ತುಂಬ ಕಡಿಮೆ. ದಿನಾ ಮಾತ್ರೆ, ಮೂಳೆಗೆ ಅಂತ ಇಂಜೆಕ್ಷನ್. "ಮೂಳೆ ಸ್ವಲ್ಪ ವೀಕ್ ಆಗಿದೆ ಅಷ್ಟೇ" ಅಂತ ಮನೆಯವರು ಹೇಳಿದ್ದಾರೆ. ಡಾಕ್ಟರ ಕೋಣೆಗೆ ಮಗ ಒಬ್ಬನೇ ಹೋಗುತ್ತಾನೆ, ನಾನು ಹೊರಗೆ ಕುರ್ಚಿಯಲ್ಲಿ. ಆದರೆ ಫೈಲನ್ನು ನಾನು ಕದ್ದು ಓದಿದ್ದೇನೆ. ಬೆನ್ನುಮೂಳೆಗೂ ಸೊಂಟಕ್ಕೂ ಹರಡಿದೆ, ನಾಲ್ಕನೇ ಹಂತ ಅಂತ ಬರೆದಿದೆ. ಓದಿದ್ದು ಅವರಿಗೆ ಗೊತ್ತಿಲ್ಲ. ಯಜಮಾನರು, ಮಗ, ಸೊಸೆ ಎಲ್ಲರೂ ತುಂಬ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅದೇ ಈಗ ಕಷ್ಟ ಆಗಿದೆ. ತುಳಸಿಗೆ ನೀರು ಹಾಕಲೂ ಬಿಡಲ್ಲ. ಬೆಳಗಿನ ವಾಕಿಂಗ್ ನಿಂತಿತು, ಭಜನೆಗೆ ಕಳಿಸಲ್ಲ, ವರ್ಷಾ ವರ್ಷಾ ನಾನೇ ಹಾಕುತ್ತಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯೂ ಈ ಸಲ ಬೇಡ ಅಂದರು. ಧಾರವಾಡದಲ್ಲಿ ಅಕ್ಕ ಇದ್ದಾಳೆ, ಒಂದು ವಾರ ಹೋಗಿಬರುವ ಆಸೆ. ಕೇಳಿದರೆ ಮನೆಯವರ ಕಣ್ಣಲ್ಲಿ ನೀರು. ನಾನು ಹಠ ಮಾಡುತ್ತಿದ್ದೇನಾ?

ಉತ್ತರ: ಇಲ್ಲ, ಅಮ್ಮ. ಕಾಯಿಲೆ ಇದೆ, ಜೊತೆಗೆ ಜೀವವೂ ಇದೆ. ಜೀವ ಇರುವ ತನಕ ಕೈ ಕೆಲಸ ಕೇಳುತ್ತದೆ. ಅದಕ್ಕೆ ಹಠ ಅನ್ನುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕುರ್ಚಿ. ಒಳಗೆ ಮಗ, ಹೊರಗೆ ನೀವು. ಸ್ವಲ್ಪ ಯೋಚನೆ ಮಾಡಿ. ನಿಮಗೆ ವಿಷಯ ಗೊತ್ತಾಗಬಾರದು ಅಂತ ನಿಮ್ಮನ್ನು ಹೊರಗೆ ಕೂರಿಸಿದ್ದಾರೆ. ಹಾಗಾಗಿ "ನಾನು ಎಷ್ಟು ನಡೆಯಬಹುದು, ಎಷ್ಟು ಭಾರ ಎತ್ತಬಹುದು" ಅಂತ ಡಾಕ್ಟರನ್ನು ಕೇಳಬೇಕಾದವರೇ ಒಳಗಿಲ್ಲ. ಮಗ ಕೇಳಿರುವುದು ಮಾತ್ರೆ, ಖರ್ಚು, ಮುಂದಿನ ಸ್ಕ್ಯಾನ್ ಇಷ್ಟೇ ಇರಬೇಕು. ಅಮ್ಮ ತುಳಸಿಗೆ ನೀರು ಹಾಕಬಹುದಾ ಅಂತ ಯಾವ ಮಗನೂ ಕೇಳಿಬರುವುದಿಲ್ಲ. ಯಾರೂ ಕೇಳದೆ ಇದ್ದಾಗ ಮನೆಯಲ್ಲಿ ಉಳಿಯುವ ಉತ್ತರ ಒಂದೇ, "ಏನೂ ಮಾಡಬೇಡ, ಸುಮ್ನೆ ಮಲಗು". ನಿಮ್ಮನ್ನು ಮಂಚಕ್ಕೆ ಕಟ್ಟಿಹಾಕಿರುವುದು ಕಾಯಿಲೆಗಿಂತ ಜಾಸ್ತಿ ಈ ಗುಟ್ಟು. ಅವರು ನಿಮ್ಮಿಂದ ಮುಚ್ಚಿಡುತ್ತಿದ್ದಾರೆ, ನೀವು ಅವರಿಂದ. ಇಬ್ಬರಿಗೂ ಗೊತ್ತಿರುವ ಗುಟ್ಟು!

ಆದ್ದರಿಂದ ವಾಕಿಂಗು, ಉಪ್ಪಿನಕಾಯಿ, ಧಾರವಾಡ ಎಲ್ಲ ಆಮೇಲೆ. ಮೊದಲು ಫೈಲ್ ಓದಿದ್ದೇನೆ ಅಂತ ಹೇಳಿಬಿಡಿ.

ಎಲ್ಲರನ್ನೂ ಕೂರಿಸಿ ಹೇಳುವುದು ಬೇಡ. ನಿಮ್ಮ ಯಜಮಾನರಿಗೆ ಹೇಳಿ, ಇಬ್ಬರೇ ಇದ್ದಾಗ, ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತಿರುತ್ತೀರಲ್ಲ, ಆಗ. ದೊಡ್ಡ ಪೀಠಿಕೆ ಏನೂ ಬೇಕಾಗಿಲ್ಲ. "ಫೈಲ್ ಓದಿದೀನಿ. ಎಲ್ಲ ಗೊತ್ತು ನಂಗೆ. ಹೆದರಿಕೆ ಆಗ್ತದೆ, ನಿಮ್ಮ ಹತ್ರ ಹೇಳ್ಕೊಳ್ಳದೆ ಇನ್ನೂ ಜಾಸ್ತಿ ಆಗ್ತದೆ." ಇಷ್ಟು ಸಾಕು. ಅವರು ಅಳಬಹುದು, ಅಳಲಿ. ಎಷ್ಟು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದಾರೋ. ನೀವು ತಕ್ಷಣ ಸಮಾಧಾನ ಮಾಡಲು ಹೋಗಬೇಡಿ, ಪಕ್ಕದಲ್ಲಿ ಕೂತಿರಿ. ಮಗನಿಗೆ ಅವರೇ ಹೇಳಲಿ.

ನನ್ನ ದೊಡ್ಡಮ್ಮನಿಗೂ ಹೀಗೇ ಆಗಿತ್ತು. ಹೊಟ್ಟೆಯ ಕ್ಯಾನ್ಸರ್. ನಾವೆಲ್ಲ ಸೇರಿ "ಅಲ್ಸರ್" ಅಂತ ಹೇಳಿದ್ದೆವು. ಅವರು ಕೂತಲ್ಲೇ ಅವರೆಕಾಯಿ ಬಿಡಿಸಿಕೊಡ್ತೀನಿ ಅಂದರೆ ಮೊರವನ್ನು ಕೈಯಿಂದ ಕಿತ್ತುಕೊಂಡವಳು ನಾನೇ, ಪ್ರೀತಿಯಿಂದಲೇ. ಒಂದು ಮಧ್ಯಾಹ್ನ ಕೋಣೆಗೆ ಹೋದರೆ ಅವರು ಕೌದಿಯ ಅಂಚನ್ನು ಬೆರಳಲ್ಲಿ ಹಿಡಿದು ಮಡಿಸುತ್ತಿದ್ದರು. ಮಡಿಸುವುದು, ಅಂಗೈಯಿಂದ ನೇವರಿಸಿ ಸಾಪು ಮಾಡುವುದು, ಬಿಡಿಸುವುದು, ಮತ್ತೆ ಮಡಿಸುವುದು. ಕೆಲಸ ಇಲ್ಲದ ಕೈ ತಾನೇ ಒಂದು ಕೆಲಸ ಹುಡುಕಿಕೊಂಡಿತ್ತು. ಆ ಮೊರ ವಾಪಸ್ ಕೊಡಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ. ನಿಮ್ಮ ಸೊಸೆ ಇದನ್ನು ಓದಿದರೆ ಒಳ್ಳೆಯದು.

ಇನ್ನು ಡಾಕ್ಟರ ವಿಷಯ. ಮುಂದಿನ ಸಲ ಒಳಗೆ ನೀವೇ ಹೋಗಿ, ಮಗನೂ ಜೊತೆಗಿರಲಿ. ಮೂಳೆಗೆ ಹರಡಿದ ಸ್ತನ ಕ್ಯಾನ್ಸರ್ ಪೂರ್ತಿ ಹೋಗಿಬಿಡುತ್ತದೆ ಅಂತ ನಾನು ಸುಳ್ಳು ಭರವಸೆ ಕೊಡುವುದಿಲ್ಲ, ಆದರೆ ಮಾತ್ರೆಯಿಂದ ಅದನ್ನು ಹಿಡಿತದಲ್ಲಿಟ್ಟುಕೊಂಡು ವರ್ಷಗಟ್ಟಲೆ ಓಡಾಡಿಕೊಂಡಿರುವವರು ಇದ್ದಾರೆ, ನಾಲ್ಕನೇ ಹಂತ ಅಂದ ಮಾತ್ರಕ್ಕೆ ನಾಳೆಯೇ ಎಲ್ಲ ಮುಗಿಯಿತು ಅಂತಲ್ಲ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಯಾವ ಮೂಳೆ ಮುರಿಯುವಷ್ಟು ವೀಕ್ ಆಗಿದೆ? ಎಷ್ಟು ಕೆಜಿ ಎತ್ತಬಹುದು? ಬಗ್ಗಬಹುದಾ? ಎಷ್ಟು ದೂರ ನಡೆಯಬಹುದು? ಕಾರಿನಲ್ಲಿ ನಾಲ್ಕೈದು ಗಂಟೆ ಕೂರಬಹುದಾ? ಉತ್ತರವನ್ನು ಮಗ ಕಿವಿಯಾರೆ ಕೇಳಲಿ. ನೀವು ಮನೆಗೆ ಬಂದು ಹೇಳಿದರೆ ನಂಬುವುದಿಲ್ಲ, ಡಾಕ್ಟರ್ ಹೇಳಿದರೆ ನಂಬುತ್ತಾರೆ.

ಮಲಗಿದ್ದರೆ ಒಳ್ಳೆಯದು ಅನ್ನುವುದು ಹಳೆಯ ನಂಬಿಕೆ. ಹರಡಿದ ಸ್ತನ ಕ್ಯಾನ್ಸರ್ ಇರುವ 357 ಜನರ ಮೇಲೆ ಯುರೋಪ್ ಮತ್ತು ಆಸ್ಟ್ರೇಲಿಯಾದ ಆಸ್ಪತ್ರೆಗಳು ಸೇರಿ ಮಾಡಿದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಮೂಳೆಗೆ ಹರಡಿದವರೂ ಅದರಲ್ಲಿದ್ದರು. ಅರ್ಧ ಜನಕ್ಕೆ ಒಂಬತ್ತು ತಿಂಗಳು ವ್ಯಾಯಾಮ ಮಾಡಿಸಿದರು, ಮೊದಲ ಆರು ತಿಂಗಳು ವಾರಕ್ಕೆ ಎರಡು ಸಲವೂ ತರಬೇತಿ ಪಡೆದವರ ಕಣ್ಣೆದುರಿನಲ್ಲೇ. ಉಳಿದವರಿಗಿಂತ ಅವರಿಗೆ ಸುಸ್ತು ಕಡಿಮೆಯಾಯಿತು, ದಿನಗಳೂ ಹಗುರಾದವು. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ.

ಹಾಗಂತ ಎಲ್ಲವನ್ನೂ ಮೊದಲಿನಂತೆ ಮಾಡಬೇಡಿ, ಅಲ್ಲಿ ಮನೆಯವರ ಭಯಕ್ಕೂ ಅರ್ಥ ಇದೆ. ತುಂಬಿದ ಕೊಡ ಬಗ್ಗಿ ಎತ್ತುವುದು, ಸೊಂಟ ತಿರುಚಿ ಏನಾದರೂ ಎಳೆಯುವುದು ಬೇಡವೇ ಬೇಡ. ತುಳಸಿಗೆ ಒಂದು ಚೊಂಬು ನೀರು ಹಾಕಿ. ವಾಕಿಂಗ್ ಗೆಳತಿಯರ ಜೊತೆಗೇ ಶುರು ಮಾಡಿ, ಮೊದಲ ವಾರ ಹತ್ತು ನಿಮಿಷ, ಗ್ರಿಪ್ ಇರುವ ಚಪ್ಪಲಿ ಹಾಕಿ, ಸಮತಟ್ಟು ದಾರಿಯಲ್ಲಿ. ಮಳೆಗಾಲದಲ್ಲಿ ನಿಮ್ಮ ಕಡೆಯ ಅಂಗಳ ಪಾಚಿ ಕಟ್ಟಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಆಗ ಜಗಲಿಯಲ್ಲೇ ಸುತ್ತು ಹೊಡೆಯಿರಿ. ಭಜನೆಗೆ ಹೋಗಿ, ಕುರ್ಚಿ ಕೇಳಿ ಕೂತುಕೊಳ್ಳಿ. ಯಾರಿಗಾದರೂ ಕೆಮ್ಮು, ಜ್ವರ ಇದ್ದರೆ ಆ ವಾರ ಬೇಡ. ಸುಸ್ತಾದ ದಿನ ಮಲಗಿ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಇದೊಂದನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ: ಬೆನ್ನಿನಲ್ಲಿ ಹೊಸ ನೋವು, ಕಾಲಿಗೆ ಬಲ ಇಲ್ಲದ ಹಾಗೆ ಆಗುವುದು, ಜೋಮು, ಮೂತ್ರ ಮಲದ ಹಿಡಿತ ತಪ್ಪುವುದು. ಇದರಲ್ಲಿ ಯಾವುದಾದರೂ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ. ಬೆನ್ನುಮೂಳೆಯೊಳಗಿನ ನರಕ್ಕೆ ಒತ್ತು ಬಿದ್ದಿರಬಹುದು, ತಡ ಮಾಡಿದರೆ ಕಾಲು ವಾಪಸ್ ಬರುವುದು ಕಷ್ಟ. ಜ್ವರ 100.4 ಡಿಗ್ರಿ ದಾಟಿದರೂ ಹಾಗೆಯೇ, ನಿಮ್ಮ ಮಾತ್ರೆಗೆ ರಕ್ತದ ಬಿಳಿಕಣ ಇಳಿದಿರಬಹುದು, ಮನೆಯಲ್ಲಿ ಕಷಾಯ ಕುಡಿದು ಕಾಯಬೇಡಿ. ಮೂಳೆಯ ಇಂಜೆಕ್ಷನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಹಲ್ಲು ಕೀಳಿಸಬಾರದು, ದವಡೆಯ ಮೂಳೆಗೆ ತೊಂದರೆ ಆಗಬಹುದು.

ಇನ್ನೊಂದು ಮಾತು. "ಪ್ಯಾಲಿಯೇಟಿವ್ ಕೇರ್" ಅಂದ ಕೂಡಲೇ ಡಾಕ್ಟರು ಕೈಬಿಟ್ಟರು ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಹಾಗಲ್ಲ. ನೋವು, ಸುಸ್ತು, ನಿದ್ದೆ, ಮನಸ್ಸಿನ ಭಯ ಇವನ್ನೆಲ್ಲ ನೋಡಿಕೊಳ್ಳುವ ಡಾಕ್ಟರುಗಳು ಅವರು, ಕ್ಯಾನ್ಸರಿನ ಔಷಧಿ ನಡೆಯುತ್ತಿರುವಾಗಲೇ ಅವರ ಹತ್ತಿರ ಹೋಗಬೇಕು. 2010ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರಿನವರಿಗೆ ಇದನ್ನು ಮೊದಲಿನಿಂದಲೇ ಕೊಟ್ಟು ನೋಡಿದರು. ಅವರ ದಿನಗಳು ಚೆನ್ನಾಗಿದ್ದವು, ಖಿನ್ನತೆ ಕಡಿಮೆ ಇತ್ತು, ಉಳಿದವರಿಗಿಂತ ಎರಡು ತಿಂಗಳಿಗೂ ಜಾಸ್ತಿ ಬದುಕಿದರು. ನಿಮಗೆ ಮಣಿಪಾಲ ದೂರ ಇಲ್ಲ, ಅಲ್ಲಿಯ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಬೆಂಗಳೂರಿಗೆ ಹೋಗುವುದಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಇದೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ, ಮೂರು ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಎಷ್ಟೋ ಜನ ಇದು ತಿಳಿಯದೆ ದುಡ್ಡು ಕೊಟ್ಟು ಓಡಾಡುತ್ತಾರೆ.

ಈಗ ಉಪ್ಪಿನಕಾಯಿ. ಹಾಕಿ, ಅಮ್ಮ. ಮಿಡಿ ತರುವುದು ಮಗನ ಪಾಲು, ಭರಣಿ ಎತ್ತಿಡುವುದು ಯಜಮಾನರ ಪಾಲು. ನೀವು ಒರಗುವ ಕುರ್ಚಿಯಲ್ಲಿ ಕೂತು, ಎದುರಿಗೆ ಮೇಜು ಹಾಕಿಸಿಕೊಂಡು ಮಿಡಿ ಆರಿಸಿ. ತೊಟ್ಟು ಮುರಿದದ್ದು ಒಂದು ಕಡೆ, ಕಲೆ ಬಿದ್ದದ್ದು ಇನ್ನೊಂದು ಕಡೆ, ಗಟ್ಟಿ ಇದ್ದದ್ದು ಭರಣಿಗೆ. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಉಪ್ಪನ್ನು ಯಾವತ್ತೂ ಅಳೆದು ಹಾಕಿದವರಲ್ಲ ಅಂತ ಕಾಣುತ್ತದೆ, ಮುಷ್ಟಿಯ ಲೆಕ್ಕವೇ ಇರಬೇಕು. ಈ ಸಲ ನಿಮ್ಮ ಮುಷ್ಟಿಯ ಉಪ್ಪನ್ನು ಅವಳು ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಲಿ. ನೋಡಿಕೊಳ್ಳುವವರಿಗೂ ನಿಮ್ಮಿಂದ ಏನಾದರೂ ಪಡೆಯಬೇಕು ಅಂತ ಇರುತ್ತದೆ, ಬರೀ ಕೊಟ್ಟೂ ಕೊಟ್ಟೂ ಅವರೂ ಸೋಲುತ್ತಾರೆ. ಅವಳಿಗೆ ವಾರಕ್ಕೊಂದು ಮಧ್ಯಾಹ್ನ ರಜೆ ಕೊಡಿ, ತವರಿಗೋ ಪೇಟೆಗೋ ಹೋಗಿಬರಲಿ.

ಬಂದವರು ಅಳುವುದೂ ಇದ್ದೇ ಇರುತ್ತದೆ. ಬಾಗಿಲಲ್ಲೇ ಯಜಮಾನರು "ಕಾಯಿಲೆ ಮಾತು ಬೇಡ, ಊರಿನ ಸುದ್ದಿ ಹೇಳಿ" ಅಂತ ಹೇಳಿಬಿಡಲಿ. ಅವರಿಗೂ ಒಂದು ಕೆಲಸ ಸಿಕ್ಕ ಹಾಗಾಗುತ್ತದೆ.

ಧಾರವಾಡಕ್ಕೆ ಡಾಕ್ಟರ್ ಸರಿ ಅಂದರೆ ತಡ ಮಾಡಬೇಡಿ. ಇಂಜೆಕ್ಷನ್, ರಕ್ತ ಪರೀಕ್ಷೆಯ ದಿನ ಅಡ್ಡ ಬರದ ಹಾಗೆ ವಾರ ನೋಡಿಕೊಳ್ಳಿ. ಮುಂದಿನ ಸೀಟು, ಸೊಂಟಕ್ಕೊಂದು ದಿಂಬು, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ. ಮಾತ್ರೆ ಕೈಚೀಲದಲ್ಲಿರಲಿ, ಫೈಲಿನ ಝೆರಾಕ್ಸ್ ಕೂಡ. ಈಗ ಅದನ್ನು ಕದ್ದು ಓದಬೇಕಾಗಿಲ್ಲವಲ್ಲ. ಯಜಮಾನರನ್ನೂ ಕರೆದುಕೊಂಡು ಹೋಗಿ, ಅವರೂ ಎಷ್ಟು ದಿನದಿಂದ ಮನೆ ಬಿಟ್ಟು ಹೊರಗೆ ಹೋಗಿಲ್ಲವೋ. ಮಳೆ ಹಿಡಿಯುವ ಮೊದಲೇ ಹೊರಡಿ.