ಹುಲ್ಲು ಕೊಯ್ಲಿಗೆ ಮುಂಚೆ ಗೌಜಲಹಕ್ಕಿ, ಲಾವುಗೆಗಳ ಎಣಿಕೆ: ಸಾಸವಡದ ಪ್ರಶ್ನೆಗೆ ಉತ್ತರ

ನಮಸ್ಕಾರ ಸರ್. ಅಮೆರಿಕದ ಅಯೋವಾ ರಾಜ್ಯದಲ್ಲಿರುವ ನಿಮ್ಮ ಭಾವಮೈದುನ ಅಲ್ಲಿ ಬೇಟೆಯ ಋತುವಿಗೆ ಮುಂಚೆ ನಡೆಯುವ ಹಕ್ಕಿ ಎಣಿಕೆಯ ವಿಷಯ ತಿಳಿಸಿದರೆಂದೂ, ಅದೇ ಕ್ರಮದಲ್ಲಿ ಪುಣೆ ಜಿಲ್ಲೆಯ ಸಾಸವಡದ ಆಚೆ ನಿಮ್ಮ ಮನೆಯವರ ಬೀಳು ಜಮೀನಿನಲ್ಲಿ ಮತ್ತು ಅದಕ್ಕೆ ತಾಗಿದ ಗುಡ್ಡದಲ್ಲಿ ಹುಲ್ಲು ಕೊಯ್ಯುವುದಕ್ಕೆ ಮೊದಲು ಗೌಜಲಹಕ್ಕಿ, ಲಾವುಗೆಗಳ ಸಂಖ್ಯೆ ತಿಳಿಯಬಹುದೇ ಎಂದೂ ಈ ಗುಂಪಿನಲ್ಲಿ ಕೇಳಿದ್ದೀರಿ. ಖಂಡಿತ ತಿಳಿಯಬಹುದು. ಆದರೆ ಒಂದು ಬೆಳಿಗ್ಗೆ ಹೋಗಿ ಎಣಿಸಿ ತಂದ ಅಂಕಿಗೆ ಹೆಚ್ಚಿನ ಬೆಲೆಯಿಲ್ಲ. ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಬಗೆಯ ಹವೆಯಲ್ಲಿ ವರ್ಷ ವರ್ಷವೂ ಎಣಿಸಿದರೆ ಮಾತ್ರ ಹಕ್ಕಿಗಳು ಹೆಚ್ಚಿದವೋ ಕಡಿಮೆಯಾದವೋ ಎಂಬುದು ಗೊತ್ತಾಗುತ್ತದೆ.

ಅಯೋವಾದ ಪದ್ಧತಿಯ ಸತ್ವವೂ ಇದೇ. ಅಲ್ಲಿ ಆಗಸ್ಟ್ ತಿಂಗಳ ಮೊದಲ ಹದಿನೈದು ದಿನಗಳಲ್ಲಿ, ತಲಾ 30 ಮೈಲಿ ಉದ್ದದ 200ಕ್ಕೂ ಹೆಚ್ಚು ನಿಗದಿತ ಮಾರ್ಗಗಳಲ್ಲಿ ಬೆಳಗಿನ ಹೊತ್ತು ನಿಧಾನವಾಗಿ ವಾಹನ ನಡೆಸುತ್ತ ಫೆಸೆಂಟ್ (ಕೋಳಿಯ ಜಾತಿಗೆ ಸೇರಿದ ಉದ್ದ ಬಾಲದ ಹಕ್ಕಿ), ಕ್ವೇಲ್ (ಲಾವುಗೆಯಂಥ ಹಕ್ಕಿ) ಮುಂತಾದವುಗಳನ್ನು ಎಣಿಸುತ್ತಾರೆ. ಇಬ್ಬನಿ ದಟ್ಟವಾಗಿ ಬಿದ್ದ ಬೆಳಿಗ್ಗೆಗಳನ್ನೇ ಇದಕ್ಕಾಗಿ ಆರಿಸುತ್ತಾರೆ. ಹುಲ್ಲೆಲ್ಲ ತೊಯ್ದಿರುವುದರಿಂದ ಹೆಣ್ಣು ಫೆಸೆಂಟ್‌ಗಳು ಮರಿಗಳನ್ನು ಕರೆದುಕೊಂಡು ಮೈ ಒಣಗಿಸಿಕೊಳ್ಳಲು ಜಲ್ಲಿ ರಸ್ತೆಯ ಅಂಚಿಗೆ ಬರುತ್ತವೆ. ಹಾಗೆ ಸಿಗುವ ಅಂಕಿ ರಾಜ್ಯದಲ್ಲಿರುವ ಒಟ್ಟು ಹಕ್ಕಿಗಳ ಸಂಖ್ಯೆಯಲ್ಲ, ಒಂದು ಮಾರ್ಗಕ್ಕೆ ಸರಾಸರಿ ಎಷ್ಟು ಕಂಡವು ಎಂಬ ಸೂಚ್ಯಂಕ ಮಾತ್ರ. ನಮ್ಮಲ್ಲಿ ಆಗಸ್ಟ್ ಈ ಕೆಲಸಕ್ಕೆ ತಕ್ಕ ಕಾಲವಲ್ಲ, ಏಕೆಂದರೆ ಆಗ ಮಳೆಯೂ ಇರುತ್ತದೆ, ಹಲವು ಜಾತಿಗಳು ಮೊಟ್ಟೆಯ ಮೇಲೂ ಕುಳಿತಿರುತ್ತವೆ. ಮಳೆ ಹಿಂದೆ ಸರಿದು ಇಬ್ಬನಿ ಆರಂಭವಾಗುವ ಅಕ್ಟೋಬರ್ ನಿಮ್ಮ ಉದ್ದೇಶಕ್ಕೆ ಸರಿಯಾದ ತಿಂಗಳು. ಹುಲ್ಲಿನ ನಡುವಿನ ಬಂಡಿ ಜಾಡನ್ನೇ ನಿಮ್ಮ ಮಾರ್ಗ ಮಾಡಿಕೊಳ್ಳಿ.

ಎಣಿಕೆಗಿಂತ ಮೊದಲು ನೆಲವನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ದೂರದಿಂದ ಹೊಂಬಣ್ಣವಾಗಿ ಕಾಣುವ ಹುಲ್ಲೆಲ್ಲ ಈ ಹಕ್ಕಿಗಳಿಗೆ ಒಗ್ಗುವುದಿಲ್ಲ. ಜಮೀನಿನ ನಡುವೆ ಮೊಣಕಾಲೂರಿ ಕುಳಿತು, ಕಣ್ಣನ್ನು ನೆಲದಿಂದ ಒಂದು ಗೇಣಿನ ಎತ್ತರಕ್ಕೆ ತಂದು ನೋಡಿ. ಹುಲ್ಲಿನ ಬುಡಗಳ ನಡುವೆ ಮರಿಯೊಂದು ಓಡಾಡುವಷ್ಟು ಬರಿ ಮಣ್ಣು ಕಾಣಬೇಕು, ಮೇಲೆ ಗಿಡುಗದ ಕಣ್ಣಿಗೆ ಬೀಳದಂತೆ ತೆನೆಗಳು ಬಾಗಿರಬೇಕು, ಸುತ್ತ ಗೆದ್ದಲು, ಇರುವೆ, ಮಿಡತೆಗಳು ಇರಬೇಕು. ಮರಿಗಳು ಮೊದಲ ವಾರಗಳಲ್ಲಿ ಬದುಕುವುದು ಬಹುಮಟ್ಟಿಗೆ ಹುಳುಹುಪ್ಪಟೆಗಳಿಂದ. ಕಾಳು, ಬೀಜಗಳು ಮುಖ್ಯ ಆಹಾರವಾಗುವುದು ಆಮೇಲೆ. ಮರಾಠಿಯಲ್ಲಿ ಕುಸಳಿ ಎನ್ನುವ, ಪ್ಯಾಂಟಿಗೆಲ್ಲ ಚುಚ್ಚಿಕೊಳ್ಳುವ ಹುಲ್ಲು ಅಡಿಯಿಟ್ಟಲ್ಲೆಲ್ಲ ಚಾಪೆಯಂತೆ ಹೆಣೆದುಕೊಂಡಿದ್ದರೆ ಮರಿಗಳಿಗೆ ದಾರಿಯೇ ಇರುವುದಿಲ್ಲ. ಹಾಗಾಗಿ ಕುರಿ, ದನ ಮೇಯುವುದೇ ಕೆಟ್ಟದ್ದು ಎಂದು ತಿಳಿಯಬೇಡಿ. ಹಿತಮಿತವಾದ ಮೇಯುವಿಕೆ ಹುಲ್ಲನ್ನು ತೆರವಾಗಿಡುತ್ತದೆ, ಅತಿಯಾದರೆ ಮಾತ್ರ ಮರೆ ಇಲ್ಲದಂತೆ ಮಾಡುತ್ತದೆ. ಬೋರೆ, ಜಾಲಿಯಂಥ ಮುಳ್ಳುಗಿಡಗಳು ಅಲ್ಲಲ್ಲಿ ಇವೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ, ಏಕೆಂದರೆ ಗೌಜಲಹಕ್ಕಿ ರಾತ್ರಿ ತಂಗುವುದು ಅಂಥ ಪೊದೆ ಮತ್ತು ಕುಳ್ಳು ಮರಗಳಲ್ಲೇ. ಜಾಡಿನ ಬದಿಯ ಸಡಿಲ ಮಣ್ಣಿನಲ್ಲಿ ಬೋಗುಣಿಯಾಕಾರದ ಸಣ್ಣ ಗುಳಿಗಳಿದ್ದು, ಅವುಗಳ ಅಂಚಿನಲ್ಲಿ ಗೀರು ಗೀರಾದ ಪುಟ್ಟ ಗರಿಯೊಂದು ಸಿಕ್ಕರೆ, ಅಲ್ಲಿ ಹಕ್ಕಿಗಳು ಧೂಳಿನ ಸ್ನಾನ ಮಾಡುತ್ತಿವೆ ಎಂದರ್ಥ.

ಇನ್ನು ಎಣಿಕೆಯ ವಿಷಯ. ಸುಮಾರು ಎರಡು ಕಿಲೋಮೀಟರಿನ ದಾರಿಯೊಂದನ್ನು ಗೊತ್ತುಮಾಡಿ, ಅದರಲ್ಲಿ ಅರ್ಧ ಕಿಲೋಮೀಟರಿಗೊಂದರಂತೆ ನಿಲ್ಲುವ ಜಾಗಗಳನ್ನು ಗುರುತಿಸಿಕೊಳ್ಳಿ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಮೊದಲ ಜಾಗದಲ್ಲಿರಿ. ಪ್ರತಿ ಕಡೆ ಹತ್ತು ನಿಮಿಷ ಮಾತಿಲ್ಲದೆ ನಿಂತು, ಕೂಗು ಬಂದ ದಿಕ್ಕು ಮತ್ತು ಅಂದಾಜು ದೂರವನ್ನು ಬರೆದುಕೊಳ್ಳಿ. ಗೌಜಲಹಕ್ಕಿಯಲ್ಲಿ ಗಂಡು ಹೆಣ್ಣು ಎರಡೂ ಕೂಗುತ್ತವೆ, ಹಲವು ಸಲ ಜೊತೆಯಾಗಿಯೇ ಕೂಗುತ್ತವೆ. ಆದ್ದರಿಂದ ಒಂದೇ ಪೊದೆಯಿಂದ ಬಂದ ಎರಡು ದನಿಗಳನ್ನು ಒಂದು ಜೋಡಿ ಎಂದು ಬರೆಯಬೇಕು, ಎರಡು ಜೋಡಿ ಎಂದಲ್ಲ. ಕೂಗು ತಿಳಿಸುವುದು ನೆಲ ಹಿಡಿದು ನಿಂತ ದೊಡ್ಡ ಹಕ್ಕಿಗಳನ್ನು ಮಾತ್ರ. ಆ ವರ್ಷ ಸಂತಾನ ಉಳಿಯಿತೇ ಎಂಬುದನ್ನು ತಿಳಿಯಲು ಕಣ್ಣಿಗೆ ಬಿದ್ದ ಪ್ರತಿ ಗುಂಪಿನಲ್ಲಿ ಮರಿಗಳೆಷ್ಟು, ಅವು ತಾಯಿಯ ಎಷ್ಟು ಪಾಲು ಬೆಳೆದಿವೆ ಎಂಬುದನ್ನು ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಎಲೆಗಳು ಒಂದೇ ಸಮನೆ ಅಲುಗಾಡುವಷ್ಟು ಗಾಳಿಯಿದ್ದರೆ ಅಂದಿನ ಎಣಿಕೆಯನ್ನು ಕೈಬಿಡುವುದೇ ಲೇಸು. ಏನೂ ಕಾಣದ, ಏನೂ ಕೇಳದ ಜಾಗಗಳಲ್ಲಿ ಸೊನ್ನೆಯನ್ನು ತಪ್ಪದೆ ಬರೆಯಿರಿ. ಬಹಳ ಜನ ಹಕ್ಕಿ ಸಿಕ್ಕ ದಿನವನ್ನು ಮಾತ್ರ ದಾಖಲಿಸುತ್ತಾರೆ. ಅಂಥ ಪಟ್ಟಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಲಾವುಗೆಗಳು ಕಾಲ ಬಳಿಯಿಂದಲೇ ಬುರ್ರನೆ ಹಾರುವುದರಿಂದ ಅವುಗಳನ್ನು ಜಾತಿವಾರು ಗುರುತಿಸುವುದು ಕಷ್ಟ. ಖಚಿತವಿಲ್ಲದಿದ್ದರೆ ‘ಲಾವುಗೆ’ ಎಂದಷ್ಟೇ ಬರೆದು, ಗುಂಪಾಗಿ ಎದ್ದವೋ ಒಂಟಿಯಾಗಿ ಎದ್ದವೋ ಎಂಬುದನ್ನು ಸೇರಿಸಿ. ಹತ್ತಿರದಲ್ಲಿ ನೀರಿದ್ದರೆ, ಪಾರಿವಾಳದಂತೆ ಕಾಣುವ ನೆಲವಾಸಿ ಹಕ್ಕಿಗಳಾದ ಸ್ಯಾಂಡ್‌ಗ್ರೌಸ್‌ಗಳನ್ನು ಅಲ್ಲೇ ಎಣಿಸುವುದು ಸುಲಭ: ಕಂದು ಹೊಟ್ಟೆಯವು ಬಿಸಿಲೇರಿದ ಮೇಲೆ ಹಿಂಡಾಗಿ ಬರುತ್ತವೆ, ಪಟ್ಟೆಗಳಿರುವ ಪೇಂಟೆಡ್ ಜಾತಿಯವು ಕತ್ತಲಾಗುವ ಹೊತ್ತಿಗೆ ಬರುತ್ತವೆ.

ನಮ್ಮಲ್ಲಿ ಬೇಟೆ ಕಾನೂನುಬಾಹಿರ ಎಂಬುದು ಎಲ್ಲರಿಗೂ ಗೊತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಬೇಟೆ’ಯ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ ಎಂಬುದನ್ನು ಹಲವರು ಗಮನಿಸಿಲ್ಲ. ಆದ್ದರಿಂದ ಗೂಡು ಹುಡುಕಲು ಹೋಗಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಕರೆಯಬೇಡಿ. ಉರುಳು ಒಡ್ಡುವವರೂ ಬಳಸುವುದು ಇದೇ ಉಪಾಯವನ್ನು. ನಾಯಿಯನ್ನು ಜೊತೆಗೆ ಒಯ್ಯಬೇಡಿ, ಮರಿಗಳಿರುವ ಜಾಗದ ನಕ್ಷೆಯನ್ನು ಈ ಗುಂಪಿನಲ್ಲಿಯೂ ಹಾಕಬೇಡಿ. ಗುಡ್ಡದ ಭಾಗ ಅರಣ್ಯ ಇಲಾಖೆಯದಾಗಿದ್ದರೆ ಮೊದಲೇ ಅವರ ಅನುಮತಿ ಪಡೆಯಿರಿ. ಇದೇ ಪುಣೆ ಜಿಲ್ಲೆಯ ಸುಪೆಯ ಬಳಿ ಚಿಂಕಾರಾ ಎಂಬ ಜಿಂಕೆಯಂಥ ಪ್ರಾಣಿಗಳಿಗಾಗಿ 1997ರಲ್ಲಿ ಘೋಷಿಸಿದ ಮಯೂರೇಶ್ವರ ಅಭಯಾರಣ್ಯ ಐದು ಚದರ ಕಿಲೋಮೀಟರಿಗಿಂತ ತುಸುವೇ ಹೆಚ್ಚು. ರಕ್ಷಿತ ಹುಲ್ಲುಗಾವಲು ಅಷ್ಟು ಕಿರಿದಾಗಿರುವಾಗ ನಿಮ್ಮಂಥವರ ಬೀಳು ಜಮೀನುಗಳ ಮೇಲೆ ಈ ಹಕ್ಕಿಗಳ ಬದುಕು ಎಷ್ಟು ನಿಂತಿದೆ ಎಂದು ಯೋಚಿಸಿ. ‘ಪಾಳು ಬಿದ್ದಿದೆ, ಗಿಡ ನೆಡೋಣ’ ಎಂದು ಯಾರಾದರೂ ಬೇಗ ಬೆಳೆಯುವ ಗ್ಲಿರಿಸಿಡಿಯಾ ಮರದ ಸಸಿಗಳನ್ನು ತಂದರೆ ದಯವಿಟ್ಟು ಒಪ್ಪಬೇಡಿ. ಬಿಸಿಲು ಬೇಕಾದ ಹುಲ್ಲು ನೆರಳಿನಲ್ಲಿ ಸೊರಗುತ್ತದೆ, ಹುಲ್ಲನ್ನು ನೆಚ್ಚಿದ ಹಕ್ಕಿಯೂ ಹೋಗುತ್ತದೆ.

ಕೊಯ್ಲಿನ ದಿನ ಆಳುಗಳಿಗೆ ಎರಡು ಮಾತು ಹೇಳಿಬಿಡಿ. ಸುತ್ತಲಿಂದ ಒಳಕ್ಕೆ ಕೊಯ್ದರೆ ಹಕ್ಕಿಗಳು ನಡುವೆ ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ನಡುವಿನಿಂದ ಹೊರಕ್ಕೆ ಕೊಯ್ಯಲಿ. ಬದುಗಳ ಮೇಲೆ ಮತ್ತು ಹಳ್ಳದ ಅಂಚಿನಲ್ಲಿ ನಾಲ್ಕೈದು ಮಾರು ಅಗಲದ ಹುಲ್ಲನ್ನು ಮುಟ್ಟದೆ ಬಿಡಲಿ, ಉಳಿದ ಕೂಳೆಗೆ ಬೆಂಕಿ ಇಡದಿರಲಿ. ಕೊಯ್ಲಾದ ಹದಿನೈದು ದಿನಗಳ ನಂತರ ಅದೇ ದಾರಿಯಲ್ಲಿ ಇನ್ನೊಮ್ಮೆ ಎಣಿಸಿ, ಎರಡೂ ಪಟ್ಟಿಗಳನ್ನು ನನಗೆ ಕಳುಹಿಸಿದರೆ ಕುಳಿತು ಹೋಲಿಸಿ ನೋಡೋಣ.