ಖೋ ಖೋ ಮ್ಯಾಚ್‌ಗೆ ಜನ ಬರಬೇಕಾದರೆ

ಕಬಡ್ಡಿ, ಕ್ರಿಕೆಟ್‌ಗೆ ಇಡೀ ಕಾಲೇಜು ಬರುತ್ತದೆ, ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ನಮ್ಮ ಹುಡುಗಿಯರ ಖೋ ಖೋ ಇದ್ದರೆ ಯಾರೂ ಇರಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ಬೇಜಾರಾಗುವ ವಿಷಯವೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಕರ್ನಾಟಕದ ಚೈತ್ರಾ ಇದ್ದರು. ಇದು ಎಷ್ಟು ಜನರಿಗೆ ಗೊತ್ತು ಹೇಳಿ?

ನನ್ನ ಪ್ರಕಾರ ಪೋಸ್ಟರ್ ಸಾಲದು. ಆಟ ಅರ್ಥವಾಗದೆ ಯಾರೂ ಕೂರುವುದಿಲ್ಲ. ಅಟ್ಟುವವಳು ನಡುವಿನ ಗೆರೆ ದಾಟುವ ಹಾಗಿಲ್ಲ, ಓಡುವವಳು ಆರಾಮಾಗಿ ದಾಟಬಹುದು. ಓಡುವವರು ಮೂರು ಮೂರು ಮಂದಿಯಾಗಿ ಇಳಿಯುತ್ತಾರೆ. ಆ ಮೂವರೂ ಔಟಾದರೆ ಮುಂದಿನ ಮೂವರು. ಇಷ್ಟು ತಿಳಿದರೆ ಸಾಕು, ಕಣ್ಣು ಕೀಳುವುದಕ್ಕೆ ಆಗುವುದಿಲ್ಲ. ಹಾಗಾಗಿ ಮೊದಲು ಕಾಲೇಜಿನ ಅಂಗಳದಲ್ಲೇ, ಊಟದ ಬಿಡುವಿನಲ್ಲಿ ಒಂದು ಸಣ್ಣ ಪ್ರದರ್ಶನ ಪಂದ್ಯ ಆಡಿಸಿ. ಒಬ್ಬರು ಮೈಕ್ ಹಿಡಿದು ವಿವರಿಸಲಿ. ತುಳುವಿನಲ್ಲಾದರೆ ಇನ್ನೂ ಒಳ್ಳೆಯದು, ನಗು ತಾನಾಗಿಯೇ ಬರುತ್ತದೆ.

ಆಮೇಲೆ ಆಟಗಾರ್ತಿಯರ ಕ್ಲಾಸ್‌ಮೇಟ್‌ಗಳನ್ನು ಹೆಸರು ಹಿಡಿದು ಕರೆಯಿರಿ. ಗೊತ್ತಿರುವ ಹುಡುಗಿ ಓಡುವಾಗ ಕೂಗುವ ಕೂಗೇ ಬೇರೆ, ಅಲ್ವಾ? ಕಾಲೇಜಿನಲ್ಲಿ ಯಕ್ಷಗಾನ ತಂಡ ಇದ್ದರೆ ಒಂದು ಚೆಂಡೆ ತರಿಸಿ, ಅಂಪೈರ್ ಅನುಮತಿ ಕೇಳಿ, ಇನ್ನಿಂಗ್ಸ್ ನಡುವೆ ಮಾತ್ರ ಬಾರಿಸಿ. ಆಟದ ನಡುವೆ ಬೇಡ, ಖೋ ಕೂಗು ಕೇಳಿಸದೆ ಹೋದರೆ ನಮ್ಮವರಿಗೇ ತೊಂದರೆ.

ಹಾಜರಾತಿ ವಿಷಯ ಪ್ರಾಂಶುಪಾಲರ ಹತ್ತಿರ ಮುಂಚೆಯೇ ಮಾತಾಡಿ. ಕುಂದಾಪುರ, ಕಾರ್ಕಳ ಕಡೆಯವರಿಗೆ ಬಸ್ಸಿನ ಚಿಂತೆ ಇರುತ್ತದೆ. ಅವರಿಗೆ ಪಂದ್ಯ ಮುಗಿಯುವ ಹೊತ್ತು ಮೊದಲೇ ಹೇಳಿಬಿಡಿ.