ಲ್ಯಾವೆನಮ್‌ನ ಮನೆಗಳು ವಾಲಿರುವುದೇಕೆ?

ಇಂಗ್ಲೆಂಡಿನ ಸಫೋಕ್ ಕೌಂಟಿಯ ಲ್ಯಾವೆನಮ್ ಹಳ್ಳಿಯ ಹಳೆಯ ಮನೆಗಳು ಹೀಗೆ ವಾಲಿವೆಯಲ್ಲ, ಬೀಳುವುದಿಲ್ಲವೇ ಎಂದು ಕೇಳಿದ್ದೀರಿ. ವಾಲಿದ ಮಾತ್ರಕ್ಕೆ ಬೀಳುವುದಿಲ್ಲ, ಸ್ವಾಮಿ. 15ನೆಯ ಶತಮಾನದ ಬಡಗಿಗಳು ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಒಣಗಿದರೆ ಅದು ಉಳಿಗೆ ಬಗ್ಗುವುದಿಲ್ಲ. ಚೌಕಟ್ಟು ನಿಲ್ಲಿಸಿದ ಮೇಲೆ ಮರ ಒಣಗುತ್ತ ತಿರುಚಿಕೊಂಡಿತು, ಜೊತೆಗೆ ಸಂದುಗಳಿಗೆ ಬಡಿದಿದ್ದ ಗೂಟಗಳನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡಿತು. ಭಾರ ಹೊರುವುದು ಆ ಚೌಕಟ್ಟೇ. ನಡುವಿನ ಗೋಡೆ ಬರೀ ಕಡ್ಡಿ ಹೆಣೆದು ಮಣ್ಣು, ಸಗಣಿ, ಹುಲ್ಲು ಮೆತ್ತಿದ್ದು. ನಾವು ತಡಿಕೆ ಗೋಡೆ ಎನ್ನುತ್ತೇವಲ್ಲ, ಅಂಥದ್ದೇ.

ಇಂಥ ಮನೆಗಳ ತೊಲೆಗಳನ್ನು ಹತ್ತಿರದಿಂದ ನೋಡಿ. ಎಷ್ಟೋ ಕಡೆ ಸಂದಿನ ಪಕ್ಕ ರೋಮನ್ ಅಂಕಿಯಂಥ ಗೀರುಗಳು ಕಾಣುತ್ತವೆ: ನೆಲದ ಮೇಲೆ ಜೋಡಿಸಿ, ಗುರುತು ಹಾಕಿ, ಬಿಚ್ಚಿ ತಂದ ಮರಗಳವು. ಇಂಥ ಮನೆಯ ರಿಪೇರಿಗೆ ಸಿಮೆಂಟ್ ಗಾರೆಯನ್ನು ಮಾತ್ರ ಹತ್ತಿರ ಸೇರಿಸಬಾರದು. ತೇವವನ್ನು ಒಳಗೇ ಹಿಡಿದಿಟ್ಟು ಓಕನ್ನೇ ಕೊಳೆಸುತ್ತದೆ.